ಚೆನ್ನಪ್ಪನ ಹೆಬ್ಬೆರಳು

ಪುತ್ತಿಗೆಯ ಆಸುಪಾಸಿನಲ್ಲಿ ನೋವು ಉಂಟೋ ಇಲ್ಲವೋ ಎಂಬುದನ್ನು ನೋಯುತ್ತಿದ್ದವನು ಹೇಳಿದರೆ ಸಾಲುತ್ತಿರಲಿಲ್ಲ. ಉಳುಕು ತೆಗೆಯುವ ಚೆನ್ನಪ್ಪ ತನ್ನ ಬಲಗೈಯ ಹೆಬ್ಬೆರಳಿನಿಂದ ಒತ್ತಿ ನೋಡಿ ಹೇಳಬೇಕಿತ್ತು. ಆ ಬೆರಳು ‘ಉಂಟು’ ಎಂದರೆ ಉಂಟು. ‘ಇಲ್ಲ’ ಎಂದರೆ ನೆಲದಲ್ಲಿ ಹೊರಳುತ್ತಿದ್ದವನೂ ಎದ್ದು ಗದ್ದೆಗೆ ಹೋಗಬೇಕು. ಇಂಥ ಬೆರಳನ್ನು ಹೊತ್ತ ಮನುಷ್ಯ ಹೇಗೆ ನಡೆಯುತ್ತಾನೆಂದು ತಿಳಿಯಬೇಕಾದರೆ ಆ ಕಾಲದ ಚೆನ್ನಪ್ಪನನ್ನು ನೋಡಬೇಕಿತ್ತು. ಹೆಗಲ ಮೇಲೆ ಬೈರಾಸಿನ ವಸ್ತ್ರ, ಕಂಕುಳಲ್ಲಿ ಎಣ್ಣೆಯ ಕುಪ್ಪಿ, ಮುಖದಲ್ಲಿ ಊರನ್ನೆಲ್ಲ ಕ್ಷಮಿಸಿಬಿಟ್ಟಿದ್ದೇನೆ ಎಂಬ ಭಾವ.

ಪ್ರಾಯದಲ್ಲಿ ಅವನು ನೀಲೇಶ್ವರದ ಕಡೆಗೆ ಹೋಗಿ ಕಳರಿ ಗರಡಿಯ ಒಬ್ಬ ಗುರುಕ್ಕಳ ಬಳಿ ಇದ್ದ. ಗುರುಕ್ಕಳು ಕಲಿಸಿದ್ದು ಎಣ್ಣೆ ಕಾಯಿಸಿ ಮೈ ತಿಕ್ಕುವುದನ್ನು, ಮತ್ತು ತಿಕ್ಕುವಾಗ ಬಾಯಿ ಮುಚ್ಚಿಕೊಂಡು ಎದುರಿನವನು ಹೇಳುವುದನ್ನು ಕೇಳುವುದನ್ನು. ಚೆನ್ನಪ್ಪ ಮೊದಲನೆಯದನ್ನು ಊರಿಗೆ ತಂದ. ಎರಡನೆಯದು ಭಾರವಾಯಿತೆಂದು ಕಾಣುತ್ತದೆ, ಹೊಳೆ ದಾಟುವಾಗ ದೋಣಿಯಲ್ಲೇ ಬಿಟ್ಟು ಬಂದ. ಕೈಗುಣ ಇರಲಿಲ್ಲವೆನ್ನಲಾಗದು. ಜಾರಿದ ಮೊಣಕೈಯನ್ನು ಕೂರಿಸುತ್ತಿದ್ದ, ಹಿಡಿದುಕೊಂಡ ಕುತ್ತಿಗೆಯನ್ನು ಬಿಡಿಸುತ್ತಿದ್ದ. ಆದರೆ ಊರಿನವರು ಅವನನ್ನು ಹೆಚ್ಚು ಹೊಗಳಿದ್ದು ನೋವು ತೆಗೆದದ್ದಕ್ಕಲ್ಲ, ಸುಳ್ಳು ಹಿಡಿದದ್ದಕ್ಕೆ. ನಮ್ಮವರು ಯಾವಾಗಲೂ ಹಾಗೆಯೇ. ಪಕ್ಕದ ಮನೆಯವನ ಸೊಂಟ ಸರಿಯಾಯಿತು ಎಂಬುದಕ್ಕಿಂತ ಅವನ ಸೊಂಟಕ್ಕೆ ಏನೂ ಆಗಿರಲೇ ಇಲ್ಲ ಎಂಬ ಸುದ್ದಿ ಅವರ ನಾಲಿಗೆಗೆ ಹೆಚ್ಚು ರುಚಿ.

ಅವನ ಶಾಸ್ತ್ರ ಸುಲಭದ್ದು. ನೋವು ಎಂದ ಜಾಗವನ್ನು ಹೆಬ್ಬೆರಳಿನಿಂದ ಒತ್ತುವುದು. ಬೆರಳು ತಾಗುವ ಮೊದಲೇ ಕೂಗಿದವನು ಕಳ್ಳ. ಒತ್ತಿದ ಮೇಲೆ ಕೂಗಿದವನಿಗೆ ನೋವುಂಟು. ಒತ್ತಿದರೂ ಕೂಗದವನಿಗೆ ನೋವಿಲ್ಲ. ಇದು ಊರಿನ ಆಳುಗಳಿಗೆ ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ತೆಂಗಿನ ಮರ ಹತ್ತುವ ಬಟ್ಯ ಹಲ್ಲು ಕಚ್ಚಿ ಕಾದು, ಬೆರಳು ಊರಿದ ಮೇಲೆ ಇಡೀ ಗುಡ್ಡೆಗೆ ಕೇಳುವಂತೆ ಕೂಗಲು ಕಲಿತ. ಚೆನ್ನಪ್ಪ ಬಿಟ್ಟಾನೆಯೇ? ಅತ್ತ ಬಟ್ಯನ ಎಮ್ಮೆಯ ಸುದ್ದಿ ವಿಚಾರಿಸುತ್ತಾ ಇತ್ತ ಮಂಡಿ ಒತ್ತಲು ಕಲಿತ. ಎಮ್ಮೆಯನ್ನು ಹೊಗಳುವ ಭರದಲ್ಲಿ ಬಟ್ಯ ಕೂಗುವುದನ್ನು ಮರೆತ.

“ಎಮ್ಮೆ ಹಾಲಾದ್ರೂ ಕೊಡ್ತದೆ, ನೀನು ಎಂತ ಕೊಡುದು ಮಾರಾಯ? ಹೋಗು, ಮರ ಹತ್ತು” ಎಂದ ಚೆನ್ನಪ್ಪ.

ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಬಟ್ಯನೂ ನಕ್ಕ, ಪಾಪ. ನಗದಿದ್ದರೆ ಇನ್ನೊಂದು ಮಾತು ಬೀಳುತ್ತಿತ್ತು. ಮನಸ್ಸು ಬೇರೆ ಕಡೆ ಹೋದಾಗ ಇದ್ದ ನೋವೂ ಅರೆಗಳಿಗೆ ಮರೆತುಹೋಗುತ್ತದೆ ಎಂಬುದು ಮಗುವನ್ನು ಸಮಾಧಾನ ಮಾಡಿದ ಯಾವ ತಾಯಿಗೂ ಗೊತ್ತು. ಚೆನ್ನಪ್ಪನಿಗೆ ಅದು ಗೊತ್ತಾಗಲಿಲ್ಲ, ಅಥವಾ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ.

ಈ ಬೆರಳಿಗೆ ಸಿಂಹಾಸನ ಹಾಕಿಕೊಟ್ಟವರು ಪಾಲೆತ್ತಡಿ ಮನೆಯ ಮಹಾಬಲ ಆಳ್ವರು. ಊರಿನ ಒಳ್ಳೆಯ ಗದ್ದೆಗಳೆಲ್ಲ ಅವರವು. ಅವುಗಳಲ್ಲಿ ದುಡಿಯುವವರ ಬಿಡಾರಗಳು ನಿಂತ ನೆಲವೂ ಅವರದ್ದೇ. ಮಳೆಗಾಲದಲ್ಲಿ ಗದ್ದೆಗೆ ಭತ್ತದ ನೇಜಿ ನೆಡುವ ದಿನಗಳು ಬಂದರೆ ಚೆನ್ನಪ್ಪ ಬೆಳಗ್ಗೆಯೇ ಅವರ ಚಾವಡಿಯ ಮೆಟ್ಟಿಲ ಮೇಲೆ ಕೂರಬೇಕು. ಸೊಂಟ, ಮಂಡಿ, ಬೆನ್ನು ಎಂದವರು ಅಂಗಳದಲ್ಲಿ ನಿಲ್ಲಬೇಕು. ಅವನು ಒಬ್ಬೊಬ್ಬರನ್ನೇ ಕರೆದು ಒತ್ತಿ ತೀರ್ಪು ಹೇಳಬೇಕು. ಹೆಂಗಸರಾದರೆ ಅವನ ಹೆಂಡತಿ ಅಕ್ಕು ಪಕ್ಕದಲ್ಲಿ ಕೂತಿರುತ್ತಿದ್ದಳು. ಸೀರೆಯ ಮೇಲಿನಿಂದಲೇ ಒತ್ತುವ ಕ್ರಮ. ಆಳ್ವರು ಆರಾಮಕುರ್ಚಿಯಲ್ಲಿ ಒರಗಿ ಎಲೆಯಡಿಕೆ ಹಾಕುತ್ತಾ ಈ ನ್ಯಾಯವನ್ನು ನೋಡುತ್ತಿದ್ದರು. ಎತ್ತಿನ ಮೈ ಬಿಸಿಯಾದರೆ ನೊಗ ಬಿಚ್ಚಿಸಿ ಹಟ್ಟಿಯಲ್ಲಿ ಕಟ್ಟಿಸುತ್ತಿದ್ದ ಮನುಷ್ಯ ಅವರು. ಎತ್ತನ್ನು ಯಾರೂ ಒತ್ತಿ ನೋಡುತ್ತಿರಲಿಲ್ಲ.

ಆಳ್ವರನ್ನೂ ಒತ್ತಿ ನೋಡುವ ಕ್ರಮವಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಅವರ ಕಾಲಿನ ಹೆಬ್ಬೆರಳು ಕೆಂಪಾಗಿ ಬಾತುಕೊಳ್ಳುತ್ತಿತ್ತು. ಆಗ ಚೆನ್ನಪ್ಪ ಒಳಗೆ ಹೋಗಿ, ತಗ್ಗಿದ ಸ್ವರದಲ್ಲಿ “ಹೇಗುಂಟು ಧನಿಗಳೇ?” ಎಂದು ಕೇಳಿ, ಅವರು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ನಂಬಿ, ಬಿಸಿಮಾಡಿದ ಎಕ್ಕದ ಎಲೆಯನ್ನು ಮೆಲ್ಲ ಇಡುತ್ತಿದ್ದ. ಚಾವಡಿಯ ಒಳಗೆ ಅವನಿಗೆ ಎರಡು ಕಿವಿಗಳಿದ್ದವು, ಅಂಗಳಕ್ಕೆ ಇಳಿದರೆ ಬರೇ ಹೆಬ್ಬೆರಳು. ಇದರಲ್ಲಿ ತಪ್ಪೇನಾದರೂ ಉಂಟೆಂದು ಅವನಿಗೆ ಹೊಳೆಯಲೇ ಇಲ್ಲ.

ಯುದ್ಧದ ಕಾಲ ಬಂತು. ಅಕ್ಕಿಗೆ ತತ್ವಾರವಾಗಿ, ಆಳ್ವರ ಕಣ್ಣಿಗೆ ಗದ್ದೆಯ ಮೂಲೆ ಮೂಲೆಯೂ ಚಿನ್ನವಾಗಿ ಕಂಡ ವರ್ಷ ಚೆನ್ನಪ್ಪನ ಹೆಬ್ಬೆರಳೇ ನೋಯತೊಡಗಿತು. ಅಷ್ಟು ಕಾಲ ಊರಿನ ಮೈಯನ್ನೆಲ್ಲ ಒತ್ತಿದ ಬೆರಳು. ಬುಡದ ಗಂಟು ಸವೆದು ಬಾತಿತ್ತು. ಬೆಳಗ್ಗೆ ಮಡಚಲು ಬಾರದು. ಏನನ್ನಾದರೂ ಊರಿ ಹಿಡಿದರೆ ಮೊಣಕೈವರೆಗೆ ಸೆಳೆತ. ಯಾರಿಗೆ ಹೇಳುವುದು? ಹೆಬ್ಬೆರಳು ಹೋದರೆ ಮೆಟ್ಟಿಲ ಮೇಲಿನ ಜಾಗವೂ ಹೋಯಿತು. ಅದೂ ಇರಲಿ, ನೋವು ಎಂದವರನ್ನೆಲ್ಲ ಗೇಲಿ ಮಾಡಿದ ಬಾಯಿಯಿಂದ ಆ ಮಾತು ಹೊರಡುವುದಾದರೂ ಹೇಗೆ? ಅಡಿಕೆ ಹೋಳು ಮಾಡುವುದನ್ನು ಅಕ್ಕುವಿಗೆ ಬಿಟ್ಟ. ಎಲೆಗೆ ಸುಣ್ಣವನ್ನು ತೋರುಬೆರಳಿನಲ್ಲಿ ಹಚ್ಚತೊಡಗಿದ. ಬೈರಾಸಿನ ಗಂಟನ್ನು ಹಲ್ಲಿನಲ್ಲಿ ಬಿಚ್ಚತೊಡಗಿದ. ಅಕ್ಕು ಎಲ್ಲವನ್ನೂ ನೋಡಿದಳು. ಗಂಡನ ಅಹಂಕಾರಕ್ಕೆ ಅವಳಲ್ಲಿ ಮದ್ದಿರಲಿಲ್ಲ. ಕುರು ಹಣ್ಣಾಗಿ ತಾನಾಗಿಯೇ ಒಡೆಯಲಿ ಎಂದು ಕಾಯುತ್ತಿದ್ದಳು.

ಆ ವರ್ಷ ಅಂಗಳದಲ್ಲಿ ಬಂದು ನಿಂತವಳು ಕಿನ್ನಿ. ನೇಜಿ ನೆಡುವ ಹೆಂಗಸರಿಗೆ ಹಾಡು ಎತ್ತಿಕೊಡುವವಳು ಅವಳು. ಅವಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನು ಹಿಡಿದು ಹಾಡುತ್ತಾ ಕೈ ಓಡಿಸುತ್ತಿದ್ದರು. ಗಂಡ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋದವನು ಹಿಂದಿರುಗಿರಲಿಲ್ಲ. ಆಳ್ವರ ನೆಲದಲ್ಲಿದ್ದ ಮುಳಿಹುಲ್ಲಿನ ಬಿಡಾರವೊಂದೇ ಅವಳಿಗಿದ್ದ ಆಸರೆ. ಅದುವರೆಗೆ ಅವಳು ಚೆನ್ನಪ್ಪನ ಮುಂದೆ ನಿಂತವಳೇ ಅಲ್ಲ.

“ಸೊಂಟದಿಂದ ಹಿಡಿದು ಎಡಗಾಲಿನ ಹಿಮ್ಮಡಿವರೆಗೆ ಬೆಂಕಿ ಎಳೆದ ಹಾಗೆ ಆಗ್ತದೆ ಧನಿಗಳೇ” ಎಂದಳು ಆಳ್ವರಿಗೆ. “ಬಗ್ಗಿದ್ರೆ ಹೆಚ್ಚು, ನಿಂತ್ರೆ ಕಡಿಮೆ. ಕೆಲಸ ಬೇಡ ಹೇಳುದಿಲ್ಲ. ಸ್ವಲ್ಪ ದಿನ ಬಗ್ಗದ ಕೆಲಸ ಎಂತಾದ್ರೂ ಕೊಡಿ. ನಿಂತುಕೊಂಡು ಭತ್ತ ಕುಟ್ಟುತ್ತೇನೆ.”

ನೋವು ಎಲ್ಲಿಂದ ಎಲ್ಲಿಗೆ, ಯಾವಾಗ ಹೆಚ್ಚು, ಹೇಗಿದ್ದರೆ ಕಡಿಮೆ ಎಂದು ಇಷ್ಟು ಚೊಕ್ಕವಾಗಿ ಆ ಅಂಗಳದಲ್ಲಿ ಯಾರೂ ಹೇಳಿರಲಿಲ್ಲ. ಕಿವಿ ಇದ್ದವನಿಗೆ ಅಷ್ಟು ಸಾಕಿತ್ತು. ಆಳ್ವರಿಗೆ ಕೇಳಿಸಿದ್ದು ಬೇರೆ: ಹಾಡು ಎತ್ತಿಕೊಡುವವಳಿಲ್ಲದಿದ್ದರೆ ನೆಡುವ ಕೈಗಳು ನಿಧಾನವಾಗುತ್ತವೆ.

“ನೋವು ಇದ್ರೆ ಕೂರಲಿ” ಎಂದರು ಅವರು. “ಇಲ್ಲದೆ ಕೂರುವವರಿಗೆ ನನ್ನ ನೆಲದಲ್ಲಿ ಬಿಡಾರ ಇಲ್ಲ. ಚೆನ್ನಪ್ಪ, ನೋಡು.”

ಕಿನ್ನಿ ಕೆಳಗಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಕೂತಳು. ಅಕ್ಕು ಅವಳ ಹೆಗಲು ಹಿಡಿದುಕೊಂಡಳು. ಚೆನ್ನಪ್ಪ ಸೊಂಟದ ಎಡಬದಿಗೆ ಹೆಬ್ಬೆರಳಿಟ್ಟು ಊರಲು ಹೋದ. ಅಷ್ಟರಲ್ಲಿ ಅವನ ಬೆರಳಿನ ಬುಡದಿಂದ ಮೊಣಕೈಗೆ ಚಳಕು ಹೊಡೆಯಿತು. ಕಣ್ಣು ಕತ್ತಲೆ ಬಂತು. ಬೆರಳು ಸೀರೆಯನ್ನು ಮುಟ್ಟಿತು, ಅಷ್ಟೇ. ಕಿನ್ನಿ ಹಲ್ಲು ಕಚ್ಚಿಕೊಂಡು, ಇನ್ನೇನು ಒತ್ತುತ್ತಾನೆ ಎಂದು ಕಾಯುತ್ತಾ ಕೂತಿದ್ದಳು. ಅವಳು ಕೂಗಲಿಲ್ಲ. ಕೂಗಲಿಕ್ಕೆ ಏನೂ ಆಗಿರಲಿಲ್ಲ.

ಎಡಗೈಯಲ್ಲಿ ಇನ್ನೊಮ್ಮೆ ಒತ್ತಬಹುದಿತ್ತು. ಎಡಗೈ ಯಾಕೆ ಎಂದು ಆಳ್ವರು ಕೇಳಿದರೆ? ಆ ಒಂದು ಪ್ರಶ್ನೆಗೆ ಹೆದರಿ, ಊರಿನ ಸುಳ್ಳನ್ನೆಲ್ಲ ಹಿಡಿದ ಮಹಾನುಭಾವ “ಇಲ್ಲ” ಎಂದುಬಿಟ್ಟ.

ಕಿನ್ನಿ ತಿರುಗಿ ನೋಡಿದಳು. “ನೀವು ಒತ್ತಲೇ ಇಲ್ಲ ಚೆನ್ನಪ್ಪಣ್ಣ.”

“ಒತ್ತಿದ್ದು ಗೊತ್ತಾಗದಷ್ಟು ಗಟ್ಟಿ ಉಂಟು ಸೊಂಟ” ಎಂದ ಚೆನ್ನಪ್ಪ, ಆಳ್ವರ ಕಡೆಗೆ ನೋಡುತ್ತಾ. “ಇನ್ನೂ ಹತ್ತು ಗದ್ದೆ ನೆಡಬಹುದು.”

ಅಂಗಳದಲ್ಲಿದ್ದವರು ನಕ್ಕರು. ತಮ್ಮ ಸರದಿ ಇನ್ನೂ ಬರಬೇಕಾಗಿದ್ದವರು ಸ್ವಲ್ಪ ಹೆಚ್ಚೇ ನಕ್ಕರು. ಅಕ್ಕು ನಗಲಿಲ್ಲ.

ಕಿನ್ನಿ ಗದ್ದೆಗೆ ಇಳಿದಳು. ಓಲೆಯ ಗೊರಬೆಯನ್ನು ತಲೆಯಿಂದ ಬೆನ್ನಿನವರೆಗೆ ಹೊದ್ದು ಬಗ್ಗಿದರೆ ಹೆಂಗಸರ ಮುಖ ಯಾರಿಗೂ ಕಾಣದು. ಮಳೆಗೂ ಅದೇ ಮರೆ, ಅಳುವುದಕ್ಕೂ ಅದೇ. ಅವಳು ಹಾಡು ಎತ್ತಿಕೊಟ್ಟಳು. ಹಾಡುತ್ತಿರುವಷ್ಟು ಹೊತ್ತು ಕಾಲಿನ ಉರಿ ಸ್ವಲ್ಪ ಮರೆಯುತ್ತಿತ್ತು ಎಂದು ಅವಳೇ ಮುಂದೆ ಹೇಳಿದಳು. ಗದ್ದೆಯ ಬದುವಿನಲ್ಲಿ ಕೊಡೆ ಹಿಡಿದು ನಿಂತ ಆಳ್ವರು ಹಾಡನ್ನು ಕೇಳಿ, “ನೋವಿದ್ದವಳ ಸ್ವರವಾ ಇದು?” ಎಂದು ತಲೆದೂಗಿದರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕಟ್ಟಿದವನು ಕೈ ಯಾರದ್ದು, ಬಾಯಿ ಯಾರದ್ದು ಎಂದು ಹೇಳಲು ಮರೆತಿದ್ದಾನೆ.

ಕೊನೆಯ ಗದ್ದೆಯಲ್ಲಿ ಹಾಡು ನಡುವಿನಲ್ಲೇ ನಿಂತಿತು. ಕಿನ್ನಿ ಕೆಸರಿನಲ್ಲಿ ಕುಸಿದು ಕೂತಿದ್ದಳು. ಉಳಿದ ಹೆಂಗಸರು ಅವಳನ್ನು ಎತ್ತಿ ಬದುವಿಗೆ ತಂದರೆ ಎಡಪಾದ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಸುದ್ದಿ ಕೇಳಿದ ಆಳ್ವರು ಹೆಚ್ಚು ಯೋಚಿಸಲಿಲ್ಲ. ಚೆನ್ನಪ್ಪ ನೋಡಿ ಇಲ್ಲ ಎಂದ ಮೇಲೆ ಇಲ್ಲ. ಇದು ವೇಷ. ವೇಷ ಕಟ್ಟಿದವರಿಗೆ ಬಿಡಾರ ಕೊಟ್ಟರೆ ನಾಳೆ ಊರಿಡೀ ವೇಷ ಕಟ್ಟುತ್ತದೆ. ಹುಣ್ಣಿಮೆಯೊಳಗೆ ಬಿಡಾರ ಬಿಡಬೇಕೆಂದು ಹೇಳಿ ಕಳುಹಿಸಿದರು.

ಮರುದಿನ ಮಧ್ಯಾಹ್ನ ಅಕ್ಕು ಗಂಡನ ಮುಂದೆ ಗಂಜಿ ಇಟ್ಟು ಎದುರಿಗೆ ಕೂತಳು. ಚೆನ್ನಪ್ಪ ಹೆಬ್ಬೆರಳನ್ನು ದೂರ ಇಟ್ಟು, ಉಳಿದ ಬೆರಳುಗಳಿಂದ ಅನ್ನದ ಅಗುಳನ್ನು ಹೆಕ್ಕುತ್ತಿದ್ದ.

“ಬೆರಳು ಅಡಗಿಸುದು ಸಾಕು” ಎಂದಳು. “ಅವತ್ತು ನೀವು ಕಿನ್ನಿಯನ್ನು ಒತ್ತಿದ್ರಾ?”

“ಒತ್ತಿದೆ.”

“ನಾನು ಅವಳ ಹೆಗಲು ಹಿಡಿದು ಕೂತಿದ್ದೆ. ಈ ಮಾತನ್ನು ಬೇರೆಯವರಿಗೆ ಹೇಳಿ.”

ಚೆನ್ನಪ್ಪ ಗಂಜಿಯನ್ನೇ ನೋಡಿದ.

“ನೋವಾದದ್ದು ನಿಮಗೆ. ಇಲ್ಲ ಹೇಳಿದ್ದು ಅವಳಿಗೆ. ಹೋಗಿ ಅದೇ ಅಂಗಳದಲ್ಲಿ ಹೇಳಿ ಬನ್ನಿ” ಎಂದಳು ಅಕ್ಕು. “ಅಷ್ಟರವರೆಗೆ ನಿಮ್ಮ ಅಡಿಕೆ ನೀವೇ ಹೋಳು ಮಾಡಿ.”

ನೇಜಿ ಮುಗಿದ ಮೇಲೆ ಆಳುಗಳಿಗೆಲ್ಲ ಅವಲಕ್ಕಿ ಹಂಚುವುದು ಪಾಲೆತ್ತಡಿ ಮನೆಯ ಪದ್ಧತಿ. ಅಂದು ಅಂಗಳ ತುಂಬಿತ್ತು. ಕಿನ್ನಿಯೂ ಇದ್ದಳು, ಇನ್ನೊಮ್ಮೆ ಬೇಡಿ ನೋಡೋಣವೆಂದು ಇಬ್ಬರ ಹೆಗಲು ಹಿಡಿದು ಬಂದು ಹಟ್ಟಿಯ ಗೋಡೆಗೆ ಒರಗಿ ಕೂತಿದ್ದಳು. ಚೆನ್ನಪ್ಪ ಮೆಟ್ಟಿಲು ಹತ್ತಲಿಲ್ಲ. ಆಳುಗಳು ನಿಲ್ಲುವ ಜಾಗದಲ್ಲಿ ನಿಂತ. ಅಲ್ಲಿಂದ ನೋಡಿದರೆ ಆಳ್ವರ ಕುರ್ಚಿ ಎಷ್ಟು ಎತ್ತರದಲ್ಲಿದೆ ಎಂಬುದು ಅವನಿಗೆ ಗೊತ್ತಾದದ್ದು ಅವತ್ತೇ.

“ಧನಿಗಳೇ, ಕಿನ್ನಿಗೆ ನೋವುಂಟು. ಅವತ್ತು ನಾನು ಸರಿಯಾಗಿ ಒತ್ತಲಿಲ್ಲ.”

“ಯಾಕೆ ಒತ್ತಲಿಲ್ಲ?”

“ನನ್ನ ಹೆಬ್ಬೆರಳು ನೋಯ್ತದೆ.”

ಮೊದಲು ನಕ್ಕವನು ಬಟ್ಯ. ಆಮೇಲೆ ಅಂಗಳವೇ ನಕ್ಕಿತು. ಇಷ್ಟು ವರ್ಷ ಹೊಟ್ಟೆಯೊಳಗೆ ಕಟ್ಟಿಟ್ಟಿದ್ದ ನಗು ಅದು, ಬೇಗ ಮುಗಿಯುವಂಥದ್ದಲ್ಲ. ತಮ್ಮಲ್ಲೊಬ್ಬಳ ಸೂರು ಈ ಮಾತಿನ ಮೇಲೆ ನಿಂತಿದೆ ಎಂಬುದು ಆ ಜಾಣರಲ್ಲಿ ಒಬ್ಬನಿಗೂ ನೆನಪಾಗಲಿಲ್ಲ. ಆಳ್ವರು ಕಣ್ಣೊರೆಸಿಕೊಂಡು ಕೈ ಚಾಚಿದರು.

“ಬಾ ಇಲ್ಲಿ, ನೋಡುವ. ನಿನ್ನದೇ ಶಾಸ್ತ್ರ ಅಲ್ವಾ ಮಾರಾಯ. ಒತ್ತಿದಾಗ ನೀನು ಕೂಗಿದ್ರೆ ನೋವುಂಟು. ನಿನಗೆ ಉಂಟಾದ್ರೆ ಅವಳಿಗೂ ಉಂಟು, ಅವಳ ಬಿಡಾರ ಅಲ್ಲೇ ಇರಲಿ. ಆಯ್ತಾ?”

ಒಂದು ಕೂಗು. ಇನ್ನೊಬ್ಬಳ ಮನೆ ಉಳಿಯಲು ಅಷ್ಟೇ ಬೇಕಿತ್ತು, ಅದೂ ಸುಳ್ಳು ಕೂಗಲ್ಲ. ಆಳ್ವರು ಅವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾತ ಗಂಟನ್ನು ತಮ್ಮ ಎರಡೂ ಹೆಬ್ಬೆರಳುಗಳಿಂದ ಅದುಮಿದರು. ಚೆನ್ನಪ್ಪನ ಹಣೆಯಲ್ಲಿ ಬೆವರು ಒಡೆಯಿತು. ಕೂಗು ಗಂಟಲಿನವರೆಗೆ ಬಂದದ್ದು ನಿಜ. ಆದರೆ ಎದುರಿಗೆ ಬಟ್ಯ ಬಾಯಿ ತೆರೆದು ಕಾಯುತ್ತಿದ್ದ. ಅವನ ಹಿಂದೆ ತಾನು ಕಳ್ಳರೆಂದು ಓಡಿಸಿದ ಮುಖಗಳೆಲ್ಲ ಸಾಲಾಗಿ ನಿಂತು ಕಾಯುತ್ತಿದ್ದವು. ಅಷ್ಟು ಕಾಲ ಬೇರೆಯವರ ಕೂಗನ್ನು ನಂಬದಿದ್ದ ಮನುಷ್ಯನಿಗೆ ಈಗ ತನ್ನ ಕೂಗನ್ನೂ ಹೊರಗೆ ಬಿಡಲಾಗಲಿಲ್ಲ. ಅವನು ಅದನ್ನು ನುಂಗಿದ.

“ಕೂಗಲಿಲ್ಲ” ಎಂದರು ಆಳ್ವರು, ಕೈ ಒರೆಸಿಕೊಳ್ಳುತ್ತಾ. “ಅಂದ್ರೆ ಇಲ್ಲ.”

“ಉಂಟು ಧನಿಗಳೇ.”

ಮಾತು ಹಟ್ಟಿಯ ಗೋಡೆಯ ಕಡೆಯಿಂದ ಬಂತು. ಹೇಳಿದವಳು ಕಿನ್ನಿ.

“ಚೆನ್ನಪ್ಪಣ್ಣನಿಗೆ ನೋವುಂಟು” ಎಂದಳು ಮತ್ತೆ.

“ನೀನು ಒತ್ತಿ ನೋಡಿದ್ದಾ?” ಎಂದರು ಆಳ್ವರು.

“ಒತ್ತಿ ನೋಡುದು ಎಂತಕ್ಕೆ? ಅವರು ಹೇಳಿದ್ರಲ್ಲ.”

ನಗು ನಿಂತಿತು. ಮಾತಿನಲ್ಲಿ ಸೋತ ಧನಿಗಳು ಮಾಡುವುದನ್ನೇ ಆಳ್ವರೂ ಮಾಡಿದರು: ಅವಲಕ್ಕಿ ಹಂಚಲು ಹೇಳಿ ಒಳಗೆ ಹೋದರು. ತೀರ್ಪು ಬದಲಾಗಲಿಲ್ಲ. ಹುಣ್ಣಿಮೆಯ ಮೊದಲೇ ಬಿಡಾರದ ಹುಲ್ಲನ್ನು ಎಳೆದು ಹಾಕಿದರು. ಮುಂದಿನ ವರ್ಷ ಚಾವಡಿಯ ಮೆಟ್ಟಿಲಲ್ಲಿ ಬೇರೊಬ್ಬ ಕೂತಿದ್ದ. ಅಂಥ ಬೆರಳುಗಳಿಗೆ ಊರಿನಲ್ಲಿ ಯಾವಾಗ ಬರ ಬಂದಿದೆ?

ಕಿನ್ನಿಯನ್ನು ಅಕ್ಕು ತನ್ನ ಮನೆಯ ಜಗಲಿಗೆ ಕರೆತಂದಳು. ಗಂಡನನ್ನು ಕೇಳಲಿಲ್ಲ. ಅವನು ಅಡಿಕೆಯ ಹಾಳೆಯನ್ನು ನೀರಿನಲ್ಲಿ ನೆನೆಸಿ ಬಗ್ಗಿಸಿ, ನೇತಾಡುವ ಪಾದ ನೇರ ನಿಲ್ಲುವಂತೆ ಕಟ್ಟಿದ. ಮರಳನ್ನು ಹುರಿದು ಬಟ್ಟೆಯಲ್ಲಿ ಗಂಟುಕಟ್ಟಿ ಸೊಂಟಕ್ಕೆ ಶಾಖ ಕೊಡಲು ಅಕ್ಕುವಿಗೆ ತೋರಿಸಿದ. ಒತ್ತಲು ಬೆರಳಿರಲಿಲ್ಲ, ಹಾಗಾಗಿ ಕೇಳಬೇಕಾಯಿತು. ಗುರುಕ್ಕಳು ಕಲಿಸಿದ ಎರಡನೆಯ ವಿದ್ಯೆಯನ್ನು ಅವನು ಕಲಿತದ್ದು ಹೀಗೆ, ಬೇರೆ ದಾರಿ ಇಲ್ಲದೆ.

“ಎಷ್ಟುಂಟು ನೋವು?” ಎಂದ ಮೊದಲ ದಿನ.

“ಎಷ್ಟು ಹೇಳಿ ಹೇಗೆ ಹೇಳುದು?”

“ಅಕ್ಕಿ ಅಳೆಯುವ ಹಾಗೆ ಹೇಳು.”

ಕಿನ್ನಿಗೆ ಅದು ಸುಲಭವಾಯಿತು. ಜನ್ಮವಿಡೀ ಬೇರೆಯವರ ಅಕ್ಕಿ ಅಳೆದವಳು ಅವಳು. ಅಂಗೈಗೆ ಹಿಡಿಸುವ ಪಾವು, ಪಾವಿಗಿಂತ ದೊಡ್ಡದು ಸೇರು, ಅದಕ್ಕಿಂತ ದೊಡ್ಡದು ಕಳಸೆ. ಎಲ್ಲಕ್ಕಿಂತ ದೊಡ್ಡದು ಬೈಹುಲ್ಲಿನಲ್ಲಿ ಬಿಗಿದು ತಲೆಯ ಮೇಲೆ ಹೊರುವ ಮುಡಿ. “ಮುಡಿ” ಎಂದಳು ಮೊದಲ ದಿನ. ಮುಡಿಯ ದಿನ ಮಲಗುವುದು, ಶಾಖ ಮಾತ್ರ. ಕಳಸೆಗೆ ಇಳಿದ ದಿನ ಗೋಡೆ ಹಿಡಿದು ಜಗಲಿಯ ತುದಿಯವರೆಗೆ. ಸೇರಿನ ದಿನ ಅಂಗಳಕ್ಕೆ. ಒಮ್ಮೆ ಮಾತ್ರ ಚೆನ್ನಪ್ಪನ ಹಳೆಯ ನಾಲಿಗೆ “ಇವತ್ತು ಕಳಸೆಯಷ್ಟೆಲ್ಲ ಇರಲಿಕ್ಕಿಲ್ಲ” ಎಂದುಬಿಟ್ಟಿತು. ಕಿನ್ನಿ ಕಾಲೆಳೆದುಕೊಂಡು ಒಳಗೆ ಹೋದವಳು ಮರುದಿನವೂ ಅವನೊಡನೆ ಮಾತಾಡಲಿಲ್ಲ. ಆಮೇಲೆ ಅವನು ಆ ಮಾತನ್ನು ಆಡಲಿಲ್ಲ.

ಸುದ್ದಿ ಹಬ್ಬಿ, ಪರೀಕ್ಷೆ ಮಾಡೋಣವೆಂದು ಬಟ್ಯನೂ ಬಂದ. “ನನ್ನ ಮಂಡಿಯಲ್ಲಿ ಎರಡು ಮುಡಿ ಉಂಟು” ಎಂದು, ಬೈಗುಳ ಕೇಳಲು ತಯಾರಾಗಿ ನಿಂತ. ಚೆನ್ನಪ್ಪನ ತುಟಿಯವರೆಗೆ ಎಮ್ಮೆ ಬಂದಿತ್ತು. ನುಂಗಿಕೊಂಡು, “ಆಯ್ತು, ಎರಡು ಮುಡಿ. ಮಂಡಿಯ ಯಾವ ಬದಿಯಲ್ಲಿ?” ಎಂದ. ಯಾರೂ ಕೇಳದ ಪ್ರಶ್ನೆ ಕೇಳಿ ಬಟ್ಯ ತಬ್ಬಿಬ್ಬಾದ. ಸ್ವಲ್ಪ ಹೊತ್ತು ಮಂಡಿಯನ್ನು ಸವರಿ ನೋಡಿ, “ಒಳಬದಿ. ಇಳಿಯುವಾಗ ಹೆಚ್ಚು” ಎಂದು ನಿಜ ಹೇಳಿದ.

ಕಿನ್ನಿಯ ಪಾದ ಪೂರ್ತಿ ಸರಿಯಾಗಲಿಲ್ಲ. ನಡೆದರೆ ಎಡಗಾಲು ನೆಲವನ್ನು ಒಂದಿಷ್ಟು ಸವರುತ್ತಿತ್ತು. ಆದರೂ ಮಳೆ ಮುಗಿದ ಮೇಲೆ ಒಂದು ಬೆಳಗ್ಗೆ, ಯಾರನ್ನೂ ಹಿಡಿಯದೆ ಬಾವಿಕಟ್ಟೆಗೆ ಹೋಗಿ ಬಂದು ಜಗಲಿಯಲ್ಲಿ ಕೂತಳು.

“ಇವತ್ತು ಪಾವು” ಎಂದಳು. ಆಮೇಲೆ ಬೈರಾಸಿನಲ್ಲಿ ಸುತ್ತಿಕೊಂಡಿದ್ದ ಅವನ ಬಲಗೈಯನ್ನು ನೋಡಿದಳು. “ನಿಮ್ಮದು ಎಷ್ಟು?”

ಅದುವರೆಗೆ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬೇಲಿಯಾಚೆ ಬಟ್ಯ ಹಗ್ಗ ಹೊತ್ತುಕೊಂಡು ಹೋಗುತ್ತಿದ್ದ. ಅವನು ದಾಟಿ ಹೋಗುವವರೆಗೆ ಚೆನ್ನಪ್ಪ ಬೇಲಿಯ ಕಡೆಗೇ ನೋಡುತ್ತಿದ್ದ.

“ಸೇರು” ಎಂದ.

ಕಿನ್ನಿ ಆ ಕೈಯನ್ನೇ ನೋಡುತ್ತಾ ಕಾದಳು.

“ಮುಡಿ” ಎಂದ ಚೆನ್ನಪ್ಪ.

“ಆಯ್ತು, ಮುಡಿ” ಎಂದು ಕಿನ್ನಿ ಒಳಗಿದ್ದ ಅಕ್ಕುವನ್ನು ಕರೆದು ಬಿಸಿ ಮರಳಿನ ಗಂಟು ತರಲು ಹೇಳಿದಳು.